ಮಂಡಿಯ ಕೆಳಗೆ ಒಂದು ಅಂಗೈ

ಕೂಡ್ಲಿಗಿಯ ನಮ್ಮ ಓಣಿಯಲ್ಲಿ ನಮ್ಮವ್ವನ ಕಾಲ ಮೇಲೆ ಮಲಗಿ ಎರೆಸಿಕೊಳ್ಳದೆ ದೊಡ್ಡವರಾದವರು ಕಡಿಮೆ. ಕೂಸಿಗೆ ಎರೆಯುವುದೆಂದರೆ ನಮ್ಮ ಕಡೆ ಟಬ್ಬು ಗಿಬ್ಬು ಇಲ್ಲ. ಹಿರಿಯ ಹೆಂಗಸೊಬ್ಬಳು ಬಚ್ಚಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ನೆಟ್ಟಗೆ ಚಾಚಿ ಕೂರುತ್ತಾಳೆ. ಜೋಡಿಸಿದ ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಹಂಡೆಯ ನೀರನ್ನು ಹದ ಮಾಡಿಕೊಂಡು ಎರೆಯುತ್ತಾಳೆ. ಅವ್ವ ಈ ಕೆಲಸದಲ್ಲಿ ಎಷ್ಟು ಹೆಸರುವಾಸಿ ಎಂದರೆ, ಬಸ್ ಸ್ಟ್ಯಾಂಡಿನಲ್ಲಿ ಮೀಸೆ ಬಿಟ್ಟ ಗಂಡಸರನ್ನು ನಿಲ್ಲಿಸಿ, "ಏನಲೇ, ನನ್ನ ಕಾಲ ಮ್ಯಾಲ ಉಚ್ಚಿ ಹೊಯ್ದದ್ದು ಮರತಿ ಏನು?" ಎಂದು ಕೇಳುತ್ತಿದ್ದಳು. ಆ ಗಂಡಸರೂ ನಾಚಿಕೊಂಡು, "ಇಲ್ಲಬೇ ಯವ್ವಾ" ಎಂದು ಕೈ ಮುಗಿದು ಹೋಗುತ್ತಿದ್ದರು.

ಅಂಥ ಕಾಲುಗಳೇ ಕೈಕೊಟ್ಟವು.

ಮೊದಮೊದಲು ಮೆಟ್ಟಿಲು ಇಳಿಯುವಾಗ ನೋವು. ಆಮೇಲೆ ಕೂತು ಏಳುವಾಗ ಕಟಕಟ ಸದ್ದು. ಬೆಳಿಗ್ಗೆ ಎದ್ದಾಗ ಮಂಡಿ ಬಿಗಿದುಕೊಂಡಿರುತ್ತಿತ್ತು, ಅಂಗಳದ ತನಕ ಹೋಗಿ ಬಂದರೆ ಸ್ವಲ್ಪ ಸಡಿಲ. ಸಂಜೆಗೆ ಊತ. ಬರಬರುತ್ತಾ ಕಾಲುಗಳು ಹೊರಗೆ ಬಾಗಿ, ಅವ್ವ ದೋಣಿಯಲ್ಲಿ ನಿಂತವಳಂತೆ ಅತ್ತ ಇತ್ತ ವಾಲಾಡುತ್ತಾ ನಡೆಯತೊಡಗಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮಂಡಿ ಎಂದರೆ ಬಾಗಿಲ ಬಿಜಾಗರಿಯಂಥ ಕೀಲು ಎಂದು ಬೋರ್ಡಿನ ಮೇಲೆ ವರ್ಷ ವರ್ಷ ಚಿತ್ರ ಬರೆದವಳು. ಮನೆಯಲ್ಲಿ ಮಾತ್ರ ನನ್ನ ವಿಜ್ಞಾನಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ.

"ಡಾಕ್ಟರ ಹತ್ರ ಹೋಗೋಣ ನಡಿಯವ್ವಾ" ಎಂದರೆ, "ನಾ ಕುರಿ ಮನಿಯಾಕಿ. ಮಂಡಿ ಅಂದ್ರ ಏನಂತ ನನಗ ಮತ್ತೊಬ್ರು ಹೇಳಬೇಕೇನ?" ಎನ್ನುತ್ತಿದ್ದಳು.

ಅವಳ ತವರು, ಅತ್ತೆಮನೆ ಎರಡೂ ಗುಡೇಕೋಟೆ. ನನ್ನ ಮದುವೆಯ ಹೊಸತರಲ್ಲೇ ಅಪ್ಪ ಹೋದ ಮೇಲೆ ಅವ್ವ ಕೂಡ್ಲಿಗಿಯ ನಮ್ಮ ಮನೆಗೆ ಬಂದಳು, ಕುರಿ ಹಿಂಡು ನನ್ನ ತಮ್ಮನ ಪಾಲಿಗೆ ಬಂತು. ಮಂಡಿ ನೋವಿನ ಸುದ್ದಿ ಕೇಳಿದ್ದೇ ತಡ, ಅವನು ಕೂಡ್ಲಿಗಿ ಬಸ್ಸಿನಲ್ಲಿ ಕುರಿ ಕಾಲು ಕಳಿಸಲು ಶುರುಮಾಡಿದ. ಮನೆ ತುಂಬ ಕಾಲು ಸೂಪಿನ ಘಮ. ಕುರಿಯ ಮಂಡಿಯಲ್ಲಿರುವ ಅಂಟು ಕುಡಿದರೆ ತನ್ನ ಮಂಡಿಗೆ ಹೋಗಿ ಕೂರುತ್ತದೆ ಎಂದು ಅವ್ವನ ಲೆಕ್ಕ.

"ಹೊಟ್ಟಿಗಿ ಹೋಗಿದ್ದು ಜೀರ್ಣ ಆಗ್ತೈತಿ ಅವ್ವಾ. ನೆಟ್ಟಗ ಮಂಡಿಗಿ ಹೋಗಂಗಿಲ್ಲ."

"ಯಾಕ? ಹೊಟ್ಯಾಗಿಂದ ಮಂಡಿಗಿ ದಾರಿ ಇಲ್ಲೇನು?"

ಇಂಥವಳಿಗೆ ಏನು ಹೇಳುತ್ತೀರಿ! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದದ್ದು ಅಂದು, ಆಮೇಲೆ ಒಂದು ಬಟ್ಟಲು ಸೂಪು ನಾನೂ ಕುಡಿದೆ. ಮೆಣಸು ಕುಟ್ಟಿ ಹಾಕಿ ಬಲು ರುಚಿಯಾಗಿ ಮಾಡುತ್ತಿದ್ದಳು.

ಸೂಪು ಹಗಲಿನ ಮದ್ದಾದರೆ, ರಾತ್ರಿಯದು ಕಂಬಳಿ. ಕುರಿ ಸಾಕುವ ಮನೆಗಳಲ್ಲಿ ಕರಿ ಕಂಬಳಿಯೆಂದರೆ ಅರ್ಧ ದೇವರು. ಹಬ್ಬದ ದಿನ ಮನೆದೇವರನ್ನು ಕೂರಿಸುವುದು ಮಡಿಚಿದ ಕಂಬಳಿಯ ಗದ್ದಿಗೆಯ ಮೇಲೆ. ಅವ್ವನ ಹತ್ತಿರ ಇದ್ದದ್ದು ಅಪ್ಪನ ಕಂಬಳಿ, ನಮ್ಮ ಹಿಂಡಿನ ಉಣ್ಣೆಯಲ್ಲೇ ನೇಯಿಸಿದ್ದು. ದೇವರನ್ನು ಹೊತ್ತ ಕಂಬಳಿ ತನ್ನ ಮಂಡಿಯನ್ನು ಹೊರುವುದಿಲ್ಲವೇ ಎಂದುಕೊಂಡು, ಅದನ್ನು ಸುರುಳಿ ಸುತ್ತಿ ಮಂಡಿಗಳ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು. ಕಾಲು ಮಡಿಚಿ ಇದ್ದಾಗ ನೋವು ಕಡಿಮೆ ಅನ್ನಿಸುತ್ತಿತ್ತು. ನೋಡಲು ಬಂದ ನೆಂಟರೆಲ್ಲ ಒಳ್ಳೇದು ಒಳ್ಳೇದು ಎಂದರು. ತಮ್ಮ ಇನ್ನೊಂದು ಕಂಬಳಿ ತಂದುಕೊಟ್ಟ. ಸುರುಳಿ ಇನ್ನಷ್ಟು ದಪ್ಪವಾಯಿತು.

ಹೀಗಿರುವಾಗ ಹರಪನಹಳ್ಳಿಗೆ ಕೊಟ್ಟ ನನ್ನ ಮಗಳಿಂದ ಫೋನ್ ಬಂತು. ಬಸುರಿ. ಅವ್ವನ ಕೈಗೆ ಫೋನ್ ಕೊಟ್ಟೆ.

"ಅಜ್ಜೀ, ನನ್ನ ಮಗೂಗೆ ನೀನೇ ಎರೀಬೇಕು ನೋಡು. ಬೇರೆ ಯಾರ ಕೈಗೂ ಕೊಡಲ್ಲ."

"ಮತ್ತ್ಯಾರು ಎರೀತಾರಬೇ? ನಾ ಇನ್ನಾ ಸತ್ತಿಲ್ಲ" ಎಂದಳು ಅವ್ವ. ಧ್ವನಿಯಲ್ಲಿ ಜೋರಿತ್ತು. ಫೋನ್ ನನ್ನ ಕೈಗೆ ಕೊಟ್ಟ ಮೇಲೆ ಮಾತ್ರ ತನ್ನ ಕಾಲುಗಳನ್ನೇ ನೋಡುತ್ತಾ ಕೂತಳು. ಅವತ್ತು ಸೂಪೂ ಕುಡಿಯಲಿಲ್ಲ.

ಎರಡು ದಿನ ಬಿಟ್ಟು, ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಬಚ್ಚಲಿನಿಂದ ಅವ್ವನ ಕೂಗು. "ಯವ್ವಾ ತಂಗೀ, ಬಾರಬೇ ಲಗೂನ!" ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅವ್ವ ಗೋಡೆಗೆ ಬೆನ್ನು ಕೊಟ್ಟು ಬಚ್ಚಲ ನೆಲದ ಮೇಲೆ ಕೂತಿದ್ದಳು. ಸೀರೆ ಎತ್ತಿ ಸಿಕ್ಕಿಸಿದ್ದಳು. ಎದುರಿನ ಮೂಲೆಯಲ್ಲಿ, ನೀರು ಹೋಗುವ ತೂತಿಗೆ ಆತುಕೊಂಡು, ಒಂದು ಕುಂಬಳಕಾಯಿ ಬಿದ್ದಿತ್ತು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅಡುಗೆಮನೆಯ ಕುಂಬಳಕಾಯಿಯನ್ನು ಕೂಸು ಮಾಡಿಕೊಂಡು ಪರೀಕ್ಷೆ ಮಾಡಿಕೊಂಡಿದ್ದಾಳೆ! ಕಾಲು ಚಾಚಿದರೂ ಮಂಡಿಗಳು ನೆಲಕ್ಕೆ ಹತ್ತದೆ ಗುಡ್ಡದ ಹಾಗೆ ಮೇಲಕ್ಕೇ ನಿಂತಿವೆ. ಅಲ್ಲಿಂದ ಪಾದದ ಕಡೆಗೆ ಇಳಿಜಾರು. ಕುಂಬಳಕಾಯಿ ಇಟ್ಟಲ್ಲಿ ನಿಲ್ಲದೆ ಉರುಳಿ ಹೋಗಿದೆ. ಇವಳಿಗೆ ಎದ್ದು ಹಿಡಿಯಲು ಆಗಿಲ್ಲ.

"ಸಾಂಬಾರಿಗಿ ಇಟ್ಟಿದ್ನಲ್ಲಬೇ, ಅದಕ್ಕೂ ಎರದಿ ಏನು?" ಎಂದು ಚೇಷ್ಟೆ ಮಾಡಿದೆ.

ಅವ್ವ ನಗಲಿಲ್ಲ. "ಕೂಸಾಗಿದ್ರ?" ಎಂದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಹೋದಾಗಲೂ ಜನರೆದುರು ಗಟ್ಟಿಯಾಗಿ ನಿಂತಿದ್ದ ಹೆಂಗಸು, ಒಂದು ಕುಂಬಳಕಾಯಿಗೆ ಅತ್ತಳು. ಅವಳ ಪಕ್ಕದಲ್ಲೇ ಆ ಒದ್ದೆ ನೆಲದ ಮೇಲೆ ಕೂತೆ. ಸೆರಗಿನಿಂದ ಮೂಗು ಒರೆಸಿಕೊಂಡು, ತಾನಾಗಿಯೇ, "ಯಾವಾಗ ಹೋಗೋಣ ಹೇಳು ಡಾಕ್ಟರ ಹತ್ರ" ಎಂದಳು.

ಹಗರಿಬೊಮ್ಮನಹಳ್ಳಿಯಲ್ಲಿ ಎಲುಬಿನ ಡಾಕ್ಟರೊಬ್ಬರಿದ್ದರು. ಕೊಟ್ಟೂರಿನ ಮೇಲೆ ಬಸ್ಸಿನಲ್ಲಿ ಹೋದೆವು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವ್ವ ಮುಂದೆ ಎಳೆಯುವವರಿಗೆ ಒಂದು ಕೈ, ಹಿಂದೆ ನೂಕುವ ನನಗೆ ಒಂದು ಬೈಗುಳ ಕೊಟ್ಟಳು. ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಸಿಟ್ಟು ಇಳಿಯಿತು.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತಾಳ್ಮೆಯಿಂದ ತೋರಿಸಿದರು. ಮೇಲೆ ತೊಡೆಯ ಎಲುಬು, ಕೆಳಗೆ ಕಣಕಾಲಿನ ಎಲುಬು, ಮುಂದೆ ಚಿಪ್ಪು. ಎಲುಬಿನ ತುದಿಗಳಿಗೆ ನುಣುಪಾದ ಬಿಳಿ ಹೊದಿಕೆಯೊಂದು ಇರುತ್ತದೆ. ನಡುವೆ ಅರ್ಧ ಚಂದ್ರದಂಥ ಎರಡು ಮೆತ್ತೆ. ಸುತ್ತಲೂ ಒಂದು ಚೀಲ, ಚೀಲದೊಳಗೆ ಜಾರಲಿ ಎಂದು ಅಂಟಂಟಾದ ನೀರು. ಅವ್ವನಿಗೆ ಸವೆದಿರುವುದು ಆ ಬಿಳಿ ಹೊದಿಕೆ, ಅದೂ ಒಳಮಗ್ಗುಲಲ್ಲಿ ಜಾಸ್ತಿ. ಅದಕ್ಕೇ ಕಾಲು ಬಾಗಿರುವುದು. ಸಂದು ಕಿರಿದಾಗಿದೆ, ಅಂಚಿನಲ್ಲಿ ಎಲುಬು ಸಣ್ಣ ಮುಳ್ಳಿನಂತೆ ಬೆಳೆದಿದೆ.

ಮುಳ್ಳು ಎಂದದ್ದೇ ಅವ್ವನ ಕಿವಿ ನಿಮಿರಿತು. "ಹಂಗಾದ್ರ ಕಿತ್ತು ತಗೀರಿ ಮತ್ತ."

"ಅದು ಜಾಲಿ ಮುಳ್ಳಲ್ಲಜ್ಜಿ, ನಿಮ್ಮ ಎಲುಬ ಅದು" ಎಂದು ಡಾಕ್ಟರು ನಕ್ಕರು. "ಸವದಿದ್ದು ತಿರುಗಿ ಬೆಳಿಯಂಗಿಲ್ಲ. ಪೂರಾ ಸವದ್ರ ಕೀಲನ್ನ ಬದಲಿ ಮಾಡ್ತೀವಿ. ನೀವಿನ್ನೂ ಅಲ್ಲಿಗಿ ಬಂದಿಲ್ಲ."

"ಅದೆಲ್ಲಾ ಇರಲ್ರಿ. ಕಾಲು ನೆಟ್ಟಗ ಆಗ್ತಾವೋ ಇಲ್ಲೋ ಅಷ್ಟ ಹೇಳ್ರಿ. ಮೊಮ್ಮಗಳ ಕೂಸಿಗಿ ಎರೀಬೇಕು ನಾ."

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಪಕ್ಕದ ಕೋಣೆಯ ಫಿಜಿಯೋಥೆರಪಿ ಹುಡುಗಿಯನ್ನು ಕರೆದು ನಮ್ಮನ್ನು ಒಪ್ಪಿಸಿದರು.

ಆ ಹುಡುಗಿ ಹಡಗಲಿಯವಳು. ಅವ್ವನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಕಾಲು ಚಾಚಲು ಹೇಳಿ, ಮಂಡಿಯ ಕೆಳಗೆ ತನ್ನ ಅಂಗೈ ತೂರಿಸಿದಳು. ಕೈ ಆರಾಮಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತು. ತೊಡೆಯನ್ನು ಮುಟ್ಟಿ ನೋಡಿದಳು. ಸೊರಗಿತ್ತು.

"ಅಜ್ಜೀ, ಮಲಗುವಾಗ ಮಂಡಿ ಕೆಳಗ ಏನರ ಇಟ್ಕೊಂತೀರೇನ್ರಿ?"

ಅವ್ವನ ಮುಖ ಅರಳಿತು. ಕಡೆಗೂ ತನ್ನ ಮದ್ದಿನ ಬಗ್ಗೆ ಕೇಳುವವರು ಒಬ್ಬರು ಸಿಕ್ಕರು. ಅಪ್ಪನ ಕಂಬಳಿ, ಅದರ ಉಣ್ಣೆ, ಅದರ ಮೇಲೆ ಕೂತ ದೇವರು, ತಮ್ಮ ತಂದ ಎರಡನೇ ಕಂಬಳಿ, ಎಲ್ಲವನ್ನೂ ಸಾವಕಾಶವಾಗಿ ವರ್ಣಿಸಿದಳು. ಹುಡುಗಿ ಪೂರ್ತಿ ಕೇಳಿಸಿಕೊಂಡು, "ಅದನ್ನ ಇವತ್ತ ತಗದುಬಿಡ್ರಿ" ಎಂದಳು.

ಅವ್ವ ಮಂಚದ ಮೇಲೆ ಎದ್ದು ಕೂತಳು.

ಮಂಡಿ ಮಡಿಚಿ ಇಟ್ಟರೆ ಚೀಲ ಸಡಿಲಾಗಿ ನೋವು ಕಡಿಮೆ ಅನ್ನಿಸುವುದು ನಿಜ, ಆದರೆ ಇಡೀ ರಾತ್ರಿ ಹಾಗೇ ಇಟ್ಟುಕೊಂಡರೆ ಹಿಂದಿನ ಸ್ನಾಯು ಗಿಡ್ಡವಾಗಿ, ಕಾಲು ನೆಟ್ಟಗಾಗುವುದನ್ನೇ ಮರೆಯುತ್ತದೆ ಎಂದು ಹುಡುಗಿ ತಿಳಿಸಿ ಹೇಳಿದಳು. ಮುಂದೆ ಮಾಡಬೇಕಾದ್ದು ಎರಡು. ಸುರುಳಿಯನ್ನು ಮಂಡಿಯ ಕೆಳಗಿನಿಂದ ತೆಗೆದು ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿ ತಾನಾಗಿ ಕೆಳಕ್ಕೆ ಇಳಿಯಲು ಬಿಡುವುದು. ಮತ್ತೆ ಕಾಲು ಚಾಚಿ ಕೂತು, ತೊಡೆ ಬಿಗಿ ಮಾಡಿ, ಮಂಡಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದು.

ಅವ್ವನಿಗೆ ಕೇಳಿಸಿದ್ದು ಒಂದೇ. "ದೇವರು ಕುಂದ್ರೋ ಕಂಬಳಿಗಿ ಹಿಮ್ಮಡಿ ಹಚ್ಚಲೇನ?"

"ಜೀವಮಾನ ಎಲ್ಲಾ ಅದರ ಮ್ಯಾಲ ಮಲಗೀಯಲ್ಲಬೇ! ಆಗ ಕಾಲು ಎಲ್ಲಿಟ್ಟಿದ್ದಿ, ಗೂಟಕ್ಕ ತೂಗು ಹಾಕಿದ್ದೇನು?" ಎಂದೆ ನಾನು.

"ಮಲಗಿದ್ರ ಮೈಯೆಲ್ಲಾ ಮಲಗತೈತಿ. ಬರೇ ಹಿಮ್ಮಡಿ ಹಚ್ಚಿದ್ರ ಒದ್ದಂಗ. ಇದನ್ನೂ ನಿಮ್ಮ ಸಾಲ್ಯಾಗ ಹೇಳಿಕೊಡಂಗಿಲ್ಲೇನು?"

ಹುಡುಗಿ ನಮ್ಮಿಬ್ಬರ ಜಗಳ ಬಿಡಿಸಿ, "ಕಂಬಳಿನ ಬೇಕಂತಿಲ್ರಿ, ಒಂದು ಮಣಿ ಮ್ಯಾಲ ಟವೆಲ್ ಹಾಸಿ ಇಟ್ಕೊಳ್ರಿ" ಎಂದಳು. ಬಚ್ಚಲಲ್ಲಿ ಕೂರುವ ಮಣೆ ನಮ್ಮಲ್ಲಿ ಇದ್ದೇ ಇತ್ತು.

ಆ ರಾತ್ರಿ ಸುರುಳಿ ಬಿಚ್ಚಿ ಕಂಬಳಿಯನ್ನು ಮಡಿಚುತ್ತಿದ್ದೆ. ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡು, "ನಿಮ್ಮಪ್ಪ ಹೆಂಗೂ ಬಿಟ್ಟುಹೋದ. ಈಗ ಅವನ ಕಂಬಳೀನೂ ಬಿಡಿಸಿದಿ" ಎಂದಳು. ಇಷ್ಟು ದಿನ ಇವಳು ಬರೀ ಮಂಡಿ ನೋವಿಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡಿದ್ದೆ ನಾನು! ಮರುದಿನ ಆ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಹೊದ್ದುಕೊಳ್ಳಲು ಏನೂ ಅಡ್ಡಿಯಿಲ್ಲ, ಕೆಳಗೆ ಇಡಬಾರದು ಅಷ್ಟೇ ಎಂದಳು. ಕಂಬಳಿ ಕೆಳಗಿನಿಂದ ಮೇಲಕ್ಕೆ ಬಂತು. ಬೇಸಿಗೆಯಲ್ಲೂ ಅದನ್ನೇ ಹೊದ್ದು, ಬೆವರಿ, ಸೆಕೆಯನ್ನು ಬೈಯುತ್ತಾ ಮಲಗುತ್ತಿದ್ದಳು.

ಮಂಡಿ ಒತ್ತುವ ಕೆಲಸ ಮಾತ್ರ ಸುಲಭವಾಗಿರಲಿಲ್ಲ. ಒತ್ತಿದ ಮೇಲೆ ಸ್ವಲ್ಪ ಹೊತ್ತು ಹಿಡಿದಿರಬೇಕು. ನಾನು ಒಂದು, ಎರಡು ಎಂದು ಎಣಿಸಿದರೆ ಅವ್ವನಿಗೆ ಪಿತ್ತ ಏರುತ್ತಿತ್ತು. "ನಾ ಏನು ನಿನ್ನ ಎಂಟನೇ ಕ್ಲಾಸಿನ ಹುಡುಗೀನಾ? ಸುಮ್ಕಿರು" ಎಂದವಳು ತನ್ನದೇ ಎಣಿಕೆ ಕಂಡುಕೊಂಡಳು. ತಾನು ಎರೆದ ಕೂಸುಗಳನ್ನು ಒಂದೊಂದಾಗಿ ನೆನೆಯುವುದು. ಒಂದು ಸಲ ಒತ್ತಿದರೆ ಒಂದು ಕೂಸು, ಅದರ ಕಥೆ ಮುಗಿದಾಗ ಮಂಡಿ ಬಿಡುವುದು.

"ಮೂಲಿಮನಿ ದೊಡ್ಡ ಹುಡುಗ, ಊರೆಲ್ಲಾ ಕೇಳಂಗ ಅಳತಿದ್ದ, ಈಗ ಬಾಯಾಗ ಮಾತಿಲ್ಲ." ಬಿಡು. "ಕಿರಾಣಿ ಅಂಗಡಿಯಾನ ಮಗಳು, ನೀರು ಬಿದ್ರ ನಗತಿದ್ಳು." ಬಿಡು. "ಟೇಲರನ ಅವಳಿ ಜವಳಿ, ಒಂದಕ್ಕ ಎರದು ಇನ್ನೊಂದಕ್ಕ ಎರೀಬೇಕಂದ್ರ ಯಾವುದಕ್ಕ ಎರದೆ ಅಂತ ಮರತುಹೋಗತಿತ್ತು." ಹೀಗೆ ಓಣಿಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಅವತ್ತಿನ ವ್ಯಾಯಾಮ ಮುಗಿಯುತ್ತಿತ್ತು. ಕಡೆಯ ಕೂಸು ಯಾವಾಗಲೂ ನನ್ನ ಮಗಳು. "ಇವಳು ಮುದ್ದಿ" ಎಂದು ಆ ಒಂದಕ್ಕೆ ಮಾತ್ರ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಿದ್ದಳು.

ಮುಗಿದ ಮೇಲೆ ಅಪ್ಪಣೆಯಾಗುತ್ತಿತ್ತು. "ಕೈ ಹಾಕಿ ನೋಡಲೇ."

ನಾನು ಮಂಡಿಯ ಕೆಳಗೆ ಅಂಗೈ ತೂರಿಸುತ್ತಿದ್ದೆ. ಮೊದಲೆಲ್ಲ ಕೈ ಸಲೀಸಾಗಿ ಹೋಗುತ್ತಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ಬಳೆಯ ತನಕ ಹೋಗಿ ಸಿಕ್ಕಿಕೊಳ್ಳತೊಡಗಿತು. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು. "ನನ್ನ ಖುಷಿಗಂತ ಹೇಳಬ್ಯಾಡ, ಕೂಸಿನ ಸಲುವಾಗಿ ಹೇಳು" ಎನ್ನುತ್ತಿದ್ದಳು. ಸಂಜೆ ಬಿಸಿಲು ಇಳಿದ ಮೇಲೆ ಓಣಿಯಲ್ಲಿ ಎರಡು ಸುತ್ತು ನಡಿಗೆ. ಒಂದೊಂದು ದಿನ ಮಂಡಿ ಊದಿಕೊಂಡು, "ಸಾಕಾತು, ಯಾವ ಸುಡುಗಾಡು ಮಂಡಿ ಇದು" ಎಂದು ಮುಖ ಊದಿಸಿಕೊಂಡು ಕೂರುತ್ತಿದ್ದಳು. ಆಗ ನಾನು ಹೋಗಿ ಒಂದು ಕುಂಬಳಕಾಯಿ ತಂದು ಎದುರಿಗೆ ಇಡುತ್ತಿದ್ದೆ. ಬೈಯುತ್ತಾ ಕಾಲು ಚಾಚುತ್ತಿದ್ದಳು.

ಮಗಳು ಬಾಣಂತನಕ್ಕೆ ಬಂದಳು. ಹರಪನಹಳ್ಳಿಯ ನೀರು ಕುಡಿದು ಅವಳ ಮಾತಿನಲ್ಲಿ 'ಐತಿ' ಹೋಗಿ 'ಐತೆ' ಬಂದಿತ್ತು. ಅದಕ್ಕೊಂದಿಷ್ಟು ಅವ್ವ ಕಾಡಿದಳು. ಅವಳೂ ಬಿಡದೆ, ದೊಡ್ಡ ಹೊಟ್ಟೆ ಹೊತ್ತುಕೊಂಡು ಅಜ್ಜಿಯ ಪಕ್ಕದಲ್ಲೇ ಕಾಲು ಚಾಚಿ ಕೂತು, "ಅಜ್ಜಿ, ಇವತ್ತು ಯಾವ ಕೂಸಿಂದ ಶುರು?" ಎಂದು ಕಿಚಾಯಿಸುತ್ತಿದ್ದಳು.

ಅವಳು ಬರುವುದಕ್ಕೆ ಮುಂಚೆ ಅವ್ವನಿಗೆ ಇನ್ನೊಂದು ಸಲ ಎಕ್ಸ್‌ರೇ ತೆಗೆಸಿದ್ದೆವು. ಅದೇ ಸವೆದ ಸಂದು, ಅದೇ ಮುಳ್ಳು. ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನನಗೆ ರೇಗಿಹೋಯಿತು. "ಇಷ್ಟು ದಿನ ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತೇನ್ರಿ?" ಎಂದು ಡಾಕ್ಟರನ್ನೇ ಕೇಳಿದೆ. ಅವರು ಸಿಟ್ಟಾಗದೆ, ಫೋಟೋದಲ್ಲಿ ತೊಡೆಯ ಬಲ ಕಾಣುವುದಿಲ್ಲ, ಅಜ್ಜಿ ಒಳಗೆ ಹೇಗೆ ನಡೆದುಕೊಂಡು ಬಂದರು ನೀವೇ ನೋಡಲಿಲ್ಲವೇ ಎಂದರು. ನೋಡಿದ್ದೆ. ವಾಲಾಟ ಇನ್ನೂ ಇತ್ತು, ಆದರೆ ಗೋಡೆ ಹಿಡಿದಿರಲಿಲ್ಲ.

ಕೂಸು ಹೆಣ್ಣು. ಹೊಕ್ಕುಳ ಬಳ್ಳಿ ಉದುರಿ, ಆಸ್ಪತ್ರೆಯವರು ಎರೆಯಬಹುದು ಎಂದ ದಿನ ಬೆಳಿಗ್ಗೆಯೇ ಅವ್ವ ಹಂಡೆಗೆ ಉರಿ ಹಾಕಿಸಿದಳು. ಮೂಗು ಕಿವಿಗೆ ಎಣ್ಣೆ ಬಿಡಬಾರದು ಎಂದು ನರ್ಸಮ್ಮ ಹೇಳಿದ್ದಕ್ಕೆ ಗೊಣಗಿ ಗೊಣಗಿ ಒಪ್ಪಿದಳು. ನೆಲಕ್ಕೆ ಇಳಿಯುವುದೇ ದೊಡ್ಡ ಸಾಹಸ. ಮೊದಲು ಕುರ್ಚಿ, ಕುರ್ಚಿಯಿಂದ ಮಣೆ, ಮಣೆಯಿಂದ ನೆಲ. ಗೋಡೆಗೆ ಬೆನ್ನು ಕೊಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕಾಲು ಚಾಚಿದಳು.

"ಕೈ ಹಾಕಿ ನೋಡಲೇ."

ಎಡಗಾಲಿನ ಕೆಳಗೆ ಬೆರಳೂ ತೂರಲಿಲ್ಲ. ಬಲಗಾಲಿನ ಕೆಳಗೆ ಬೆರಳ ತುದಿ ಹೋಯಿತು.

"ಬಲಗಾಲಾಗ ತುಸ ಐತಿ ಅವ್ವಾ" ಎಂದೆ.

ಅವ್ವ ಕಣ್ಣು ಮುಚ್ಚಿ ತೊಡೆ ಬಿಗಿ ಮಾಡಿದಳು. ನನ್ನ ಬೆರಳ ತುದಿ ನೆಲಕ್ಕೂ ಮಂಡಿಗೂ ನಡುವೆ ಸಿಕ್ಕಿಕೊಂಡು ನೋಯಿತು. "ಈಗ ಕೊಡು" ಎಂದಳು.

ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದೆ. ಮೆಲ್ಲಗೆ ಕೈ ತೆಗೆದೆ. ಕೂಸು ಇಟ್ಟಲ್ಲೇ ಇತ್ತು. ಜಾರಲಿಲ್ಲ, ಉರುಳಲಿಲ್ಲ. ಬಾಗಿಲಲ್ಲಿ ನಿಂತ ಮಗಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವ್ವ ಎಣ್ಣೆ ತಿಕ್ಕಿದಳು, ಮೊಣಕೈಯಿಂದ ನೀರಿನ ಬಿಸಿ ನೋಡಿದಳು, ಎರೆದಳು. ಕೂಸು ಮೊದಲು ಕಿರುಚಿ ಆಮೇಲೆ ಕಣ್ಣು ಬಿಟ್ಟು ಸುಮ್ಮನಾಯಿತು. ಟವೆಲ್ಲಿನಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟ ಮೇಲೆ, "ಕೊಟ್ಟೆ ನೋಡವ್ವಾ ನಿನ್ನ ಮಗಳನ್ನ" ಎಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಕಣ್ಣಲ್ಲೂ.

ಎಬ್ಬಿಸಲು ಕೈ ಕೊಟ್ಟೆ. ಅವ್ವ ಆ ಕೈ ಹಿಡಿದು ಕೆಳಕ್ಕೆ ಎಳೆದಳು.

"ಕುಂದ್ರು ಇಲ್ಲಿ. ಕಾಲು ಚಾಚು."

"ಸೀರಿ ತೊಯ್ತೈತಬೇ."

"ತೊಯ್ಲಿ, ಕುಂದ್ರು."

ಕೂತೆ. ಕೂರುವಾಗ ಮಂಡಿ ಕಟಕ್ ಎಂದದ್ದು ಇಬ್ಬರಿಗೂ ಕೇಳಿಸಿತು. ವರ್ಷಗಟ್ಟಲೆ ಬೋರ್ಡಿನ ಮುಂದೆ ನಿಂತ, ಮನೆಗೆ ಬಂದರೆ ಕುರ್ಚಿ ಬಿಟ್ಟು ಕೂರದ ಕಾಲು ನನ್ನವು. ಚಾಚಿದೆ. ಅವ್ವ ಬಗ್ಗಿ, ಒದ್ದೆ ಕೈಯನ್ನು ನನ್ನ ಮಂಡಿಯ ಕೆಳಗೆ ತೂರಿಸಿದಳು. ಕೈ ಆರಾಮಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತು.

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಪಕ್ಕದ ಮಣೆಯನ್ನು ಎಳೆದು ಕೈಗೆಟಕುವ ಹಾಗೆ ಇಟ್ಟುಕೊಂಡಳು. "ಈ ಕೂಸು ದೊಡ್ಡದಾಗಿ ಹಡದಾಗ ನಾ ಇರಂಗಿಲ್ಲ ತಂಗಿ. ಒತ್ತು" ಎಂದಳು.

ನಾನು ಒತ್ತಿದೆ. ಅವ್ವ ನನ್ನ ಮಂಡಿಯ ಮೇಲೆ ಕೈಯಿಟ್ಟು ಎಣಿಸತೊಡಗಿದಳು. ಮೂಲಿಮನಿ ದೊಡ್ಡ ಹುಡುಗ. ಕಿರಾಣಿ ಅಂಗಡಿಯವನ ಮಗಳು. ಟೇಲರನ ಅವಳಿ ಜವಳಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಓಣಿಯ ಈ ತುದಿಗೆ ಬಂದೆವು. ನನ್ನ ಮಗಳು. ಆಮೇಲೆ, "ನಿನ್ನ ಮಗಳ ಮಗಳು" ಎಂದಳು.

ಅಲ್ಲಿಗೆ ನಿಲ್ಲಿಸಿ ಕೈ ತೆಗೆದಳು. "ನನ್ನವು ಮುಗದ್ವು. ಇಲ್ಲಿಂದ ಮುಂದ ನೀ ಎಣಸು."

ಎಣಿಸಲು ನಾನು ಎರೆದ ಕೂಸು ಒಂದೂ ಇರಲಿಲ್ಲ. ಮಂಡಿಯನ್ನು ಮಾತ್ರ ಒತ್ತಿ ಹಿಡಿದುಕೊಂಡೇ ಇದ್ದೆ.